ಕಡಲಂಚಿನ ಕೆಂಜಡೆ

ಋಷಿಮೂಲ, ನದೀಮೂಲಗಳನ್ನು ಕೆದಕಬಾರದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ನದಿಯ ಕೊನೆಯನ್ನು ವಿಚಾರಿಸಬಾರದೆಂದು ಯಾರೂ ಹೇಳಿದಂತಿಲ್ಲ. ಹೀಗಿದ್ದರೂ ನಮ್ಮ ಊರ ಮುಂದೆ ಹರಿದುಹೋದ ನೀರು ಎಲ್ಲಿಗೆ ಹೋಯಿತು, ಯಾರಿಗೆ ಒದಗಿತು, ಯಾವ ನೆಲೆಯಲ್ಲಿ ತನ್ನ ಪಯಣವನ್ನು ಮುಗಿಸಿತು ಎಂಬ ಪ್ರಶ್ನೆ ನಮ್ಮಲ್ಲಿ ಏಳುವುದು ಅಪರೂಪ. ಮಳೆಗಾಲದಲ್ಲಿ ಅಣೆಕಟ್ಟೆಗಳು ತುಂಬಿ ತುಳುಕಿದಾಗ "ಇಷ್ಟೊಂದು ನೀರು ಕಡಲಿಗೆ ಸೇರಿ ಪೋಲಾಯಿತು" ಎಂದು ಪತ್ರಿಕೆಗಳು ಬರೆಯುತ್ತವೆ. ಜಗಲಿಯ ಮೇಲೆ ಕುಳಿತ ನಾವೂ ಅದನ್ನೇ ಆಡುತ್ತೇವೆ. ಆ ಮಾತು ಎಷ್ಟರಮಟ್ಟಿಗೆ ನಿಜ? ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ನೀರಿನ ಬೆನ್ನುಹತ್ತಿ ಕಡಲಂಚಿನವರೆಗೆ ಹೋಗಿಬಂದ ಯಾತ್ರೆಯೊಂದರಲ್ಲಿ ಕಂಡ, ಹೆಬ್ಬೆರಳಿಗಿಂತಲೂ ಗಿಡ್ಡನೆಯ ಒಂದು ಕೆಂಪು ಪಾಚಿ ಈ ಪ್ರಶ್ನೆಗೆ ತನ್ನದೇ ಆದ ಉತ್ತರವನ್ನು ಕೊಟ್ಟಿತು. ಅದನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ತುಮಕೂರು ನಗರಕ್ಕೆ ಸಮೀಪದಲ್ಲಿರುವ ದೇವರಾಯನದುರ್ಗದ ಬೆಟ್ಟಸಾಲು ನಮ್ಮ ಜಿಲ್ಲೆಯ ನೀರಿನ ತವರು. ನಾಮದ ಚಿಲುಮೆಯನ್ನು ನೋಡಲು ಮಕ್ಕಳೊಡನೆ ಹೋದವರಿಗೆಲ್ಲ ಈ ಬೆಟ್ಟ ಪರಿಚಿತವೇ. ಇದರ ಒಡಲಿನಿಂದ ಎರಡು ನದಿಗಳು ಹೊರಡುತ್ತವೆ. ಜಯಮಂಗಲಿ ಉತ್ತರಕ್ಕೆ ಮುಖಮಾಡಿ ಕೊರಟಗೆರೆ, ಮಧುಗಿರಿ ಸೀಮೆಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಶಿಂಷಾ ದಕ್ಷಿಣದ ಹಾದಿ ಹಿಡಿದು 221 ಕಿಲೋಮೀಟರ್ ಹರಿದು ಕಾವೇರಿಯಲ್ಲಿ ಒಂದಾಗುತ್ತದೆ. ಒಂದೇ ತಾಯಿಯ ಇಬ್ಬರು ಹೆಣ್ಣುಮಕ್ಕಳು ಬೇರೆ ಬೇರೆ ಊರಿಗೆ ಸೊಸೆಯರಾಗಿ ಹೋದಂತೆ ಇವುಗಳ ಬಾಳು. ಕೊನೆಗೆ ಇಬ್ಬರೂ ಕಾಣುವುದು ಒಂದೇ ಬಂಗಾಳ ಕೊಲ್ಲಿಯನ್ನು. ನಮ್ಮ ಜಿಲ್ಲೆಗೆ ಕಡಲತೀರವಿಲ್ಲ ಎಂಬುದು ನಿಜ; ಕಡಲಿನೊಡನೆ ಸಂಬಂಧವೇ ಇಲ್ಲವೆನ್ನುವುದು ಮಾತ್ರ ಸರಿಯಲ್ಲ.

ಶಿಂಷೆ ನಡೆದುಬರುವ ದಾರಿ ಶರಣ ಪರಂಪರೆಯ ದಾರಿಯೂ ಹೌದು. ಗುಬ್ಬಿಯು ಚನ್ನಬಸವೇಶ್ವರರ ಕ್ಷೇತ್ರ. 'ಭಾವಚಿಂತಾರತ್ನ'ವನ್ನು ರಚಿಸಿದ ಮಲ್ಲಣಾರ್ಯನ ಊರು. ಮುಂದೆ ನಾಟಕ ಕಂಪನಿಯ ಮೂಲಕ ನಾಡಿನ ಮನೆಮಾತಾದ ಗುಬ್ಬಿ ವೀರಣ್ಣನವರ ಊರು. ಆ ತಾಲ್ಲೂಕಿನ ಕಡಬದಲ್ಲಿ ಶಿಂಷೆಯ ಹರಿವಿಗೆ ಅಡ್ಡಲಾಗಿ ನಿಂತ ದೊಡ್ಡ ಕೆರೆಯುಂಟು. ಅಲ್ಲಿಂದ ಕೆಳಗೆ ಕುಣಿಗಲ್ ತಾಲ್ಲೂಕಿನಲ್ಲಿ ಕಗ್ಗೆರೆ ಮತ್ತು ಎಡೆಯೂರು. ಶಿಂಷೆಯ ಉಪನದಿಯಾದ ನಾಗಿಣಿಯ ದಡದ ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿದ್ದರಿಂದಲೇ ಸಿದ್ಧಲಿಂಗ ಯತಿಗಳಿಗೆ 'ತೋಂಟದ' ಎಂಬ ವಿಶೇಷಣ ಸೇರಿತು. ಎಡೆಯೂರಿನ ಜಾತ್ರೆಗೆ ಹೋಗಿಬರುವ ನಮ್ಮ ಕುಟುಂಬಗಳಲ್ಲಿ ಎಷ್ಟೋ ಮಂದಿ ಅದೇ ದಾರಿಯಲ್ಲಿ ಮಾರ್ಕೋನಹಳ್ಳಿ ಜಲಾಶಯವನ್ನೂ ಕಂಡಿರುತ್ತಾರೆ.

ಮಾರ್ಕೋನಹಳ್ಳಿಯ ಏರಿಯ ಮೇಲೆ ನಿಂತವರು ಗಮನಿಸಬೇಕಾದ ವಸ್ತು ಅಲ್ಲಿನ ಸೈಫನ್ ವ್ಯವಸ್ಥೆ. ಮೈಸೂರು ಅರಸರ ಕಾಲದ ಎಂಜಿನಿಯರುಗಳು ಕಟ್ಟಿದ ಈ ಏರ್ಪಾಡಿನಲ್ಲಿ ನೀರು ನಿಗದಿಯಾದ ಮಟ್ಟವನ್ನು ಮುಟ್ಟಿದೊಡನೆ ಯಾರೂ ಬಾಗಿಲನ್ನು ಎತ್ತುವ ಅಗತ್ಯವಿಲ್ಲದೆ ಹೆಚ್ಚಿನ ನೀರು ತಾನಾಗಿಯೇ ಹೊರಬಿದ್ದು ಕೆಳಗಿನ ನದಿಗೆ ಇಳಿಯುತ್ತದೆ. ಇದಕ್ಕಿಂತಲೂ ಹಳೆಯದಾದ ನಮ್ಮ ಕೆರೆಗಳ ಕೋಡಿಯಲ್ಲಿ ಅಡಗಿರುವುದೂ ಇದೇ ತತ್ತ್ವ. ಕೆರೆ ಕಟ್ಟಿಸಿದ ಹಿರಿಯರು ಏರಿ, ತೂಬುಗಳನ್ನು ಮಾಡಿಸಿ ಅಷ್ಟಕ್ಕೇ ನಿಲ್ಲಿಸಲಿಲ್ಲ. ಕೋಡಿಯನ್ನೂ ಬಿಟ್ಟರು. ಏರಿಯು ಸಂಗ್ರಹ, ತೂಬು ವಿನಿಯೋಗ, ಕೋಡಿ ದಾಸೋಹ ಎಂದು ಹೇಳಿದರೆ ತಪ್ಪಾಗಲಾರದು. ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದುದನ್ನು ಕೆಳಗಿನ ಕೆರೆಗೆ ಸಲ್ಲಿಸುವುದು ಸಾಲುಕೆರೆಗಳ ಧರ್ಮ. ಆ ಕೆಳಗಿನ ಕೆರೆಯ ಕೆಳಗೆ ಮತ್ತೊಂದು ಕೆರೆ. ಎಲ್ಲಕ್ಕೂ ಕೊನೆಯಲ್ಲಿ ಕಡಲು.

ಕುಣಿಗಲ್ ಸೀಮೆಯನ್ನು ದಾಟಿದ ಶಿಂಷೆ ಮಂಡ್ಯ ಜಿಲ್ಲೆಯ ಮದ್ದೂರನ್ನು ಹಾದು, ಶಿವನಸಮುದ್ರದ ಪ್ರದೇಶದಲ್ಲಿ ಜಲಪಾತವಾಗಿ ಧುಮುಕಿ, ಕಾವೇರಿಯನ್ನು ಕೂಡುತ್ತದೆ. ಅಲ್ಲಿಂದ ಮುಂದೆ ಅವಳಿಗೆ ಬೇರೆ ಹೆಸರಿಲ್ಲ. ಹೊಗೆನಕಲ್ಲನ್ನು ದಾಟಿ, 1934ರಲ್ಲಿ ಪೂರ್ಣಗೊಂಡ ಮೆಟ್ಟೂರು ಅಣೆಕಟ್ಟೆಯಲ್ಲಿ ತಂಗಿ, ತಿರುಚಿರಾಪಳ್ಳಿಯ ಮೇಲ್ಭಾಗದ ಮುಕ್ಕೊಂಬಿನಲ್ಲಿ ಕಾವೇರಿಯು ಎರಡಾಗಿ ಒಡೆಯುತ್ತದೆ. ಕಾವೇರಿ ಎಂಬ ಹೆಸರನ್ನು ಉಳಿಸಿಕೊಂಡ ಕವಲು ತಂಜಾವೂರಿನ ಗದ್ದೆಗಳಲ್ಲಿ ಹಂಚಿಹೋಗುತ್ತದೆ. ಪ್ರವಾಹದ ನೀರನ್ನು ಹೊತ್ತು ಕಡಲಿಗೆ ಒಯ್ಯುವ ಹೊರೆ ಉತ್ತರದ ಕವಲಾದ ಕೊಳ್ಳಿಡಂ ನದಿಯ ಪಾಲಿಗೆ ಬಂದಿದೆ. ಶಿಂಷೆಯ ನೀರಿನ ಕೊನೆಯನ್ನು ನೋಡಬೇಕೆಂಬವರು ಈ ಕೊಳ್ಳಿಡಂ ದಾರಿಯನ್ನೇ ಹಿಡಿಯಬೇಕು. ಆ ದಾರಿ ನೇರವಾಗಿ ಚಿದಂಬರದ ನೆರೆಗೆ ಹೋಗಿ ಮುಟ್ಟುತ್ತದೆ.

ಸಂಕ್ರಾಂತಿ ಕಳೆದ ಮೇಲೆ ನಾವು ಕೆಲವರು ಚಿದಂಬರಕ್ಕೆ ಹೊರಟೆವು. ಆ ಕ್ಷೇತ್ರ ನಮ್ಮವರಿಗೆ ಅಪರಿಚಿತವೇನಲ್ಲ. ಶರಣರು ಗೌರವದಿಂದ ನೆನೆಯುವ ಅರುವತ್ತುಮೂವರು ಪುರಾತನರು ಬಾಳಿ ಬೆಳಗಿದ್ದು ಆ ತಮಿಳು ನೆಲದಲ್ಲಿಯೇ. ಅವರ ಕಥೆಗಳನ್ನು ಹರಿಹರ ಮಹಾಕವಿ ರಗಳೆಗಳಲ್ಲಿ ಕನ್ನಡಕ್ಕೆ ತಂದುಕೊಟ್ಟನು. ಚಿದಂಬರಕ್ಕೆ ತಿಲ್ಲೈ ಎಂಬುದು ಹಳೆಯ ಹೆಸರು. ಒಂದು ಕಾಲಕ್ಕೆ ಅಲ್ಲಿ ತಿಲ್ಲೈ ಮರದ ಕಾಡು ಇತ್ತೆಂದೂ ಅದರಿಂದಲೇ ಊರಿಗೆ ಆ ಹೆಸರು ಬಂದಿತೆಂದೂ ಸ್ಥಳೀಯರು ಹೇಳುತ್ತಾರೆ. ಈ ತಿಲ್ಲೈ ಮರವೇ ಆ ದೇವಾಲಯದ ಸ್ಥಳವೃಕ್ಷ. ಅದರ ಹಾಲು ಕಣ್ಣಿಗೆ ತಗುಲಿದರೆ ದೃಷ್ಟಿಗೆ ಅಪಾಯ. ಅಚ್ಚರಿಯ ಸಂಗತಿಯೆಂದರೆ ಈ ತಿಲ್ಲೈ ಉಪ್ಪುನೀರಿನ ಅಂಚಿನಲ್ಲಿ ಬೆಳೆಯುವ ಕಾಂಡ್ಲಾ ಜಾತಿಗೆ ಸೇರಿದ ಮರ. ಇಂದು ಅದನ್ನು ಕಾಡಾಗಿ ನೋಡಬೇಕೆಂದರೆ ಊರಿನಿಂದ ಸುಮಾರು 15 ಕಿಲೋಮೀಟರ್ ಪೂರ್ವಕ್ಕಿರುವ ಪಿಚ್ಚಾವರಂಗೆ ಹೋಗಬೇಕು.

ಉತ್ತರದಲ್ಲಿ ವೆಳ್ಳಾರು, ದಕ್ಷಿಣದಲ್ಲಿ ಕೊಳ್ಳಿಡಂ; ಇವೆರಡರ ನಡುವೆ ಸುಮಾರು 1100 ಹೆಕ್ಟೇರುಗಳಲ್ಲಿ ಪಿಚ್ಚಾವರಂನ ಕಾಂಡ್ಲಾವನ ಹರಡಿದೆ. ಇಂಗ್ಲಿಷಿನಲ್ಲಿ ಮ್ಯಾಂಗ್ರೋವ್ ಎಂದು ಕರೆಯುವ ಈ ಕಾಡಿಗೆ ನಮ್ಮ ಕರಾವಳಿಯ ಜನ ಕಾಂಡ್ಲಾ ಎನ್ನುತ್ತಾರೆ. ಕುಮಟೆಯ ಅಘನಾಶಿನಿ, ಕುಂದಾಪುರದ ಪಂಚಗಂಗಾವಳಿಗಳ ಅಳಿವೆಗಳಲ್ಲಿ ಇದೇ ಬಗೆಯ ಕಾಡುಗಳುಂಟು. ಪಿಚ್ಚಾವರಂ 2022ರಲ್ಲಿ ರಾಮ್ಸರ್ ಒಪ್ಪಂದದ ಅಂತರರಾಷ್ಟ್ರೀಯ ಮಹತ್ತ್ವದ ಜೌಗುನೆಲಗಳ ಪಟ್ಟಿಗೆ ಸೇರಿತು. ಸಣ್ಣ ಸಣ್ಣ ನಡುಗಡ್ಡೆಗಳು, ಅವುಗಳ ನಡುವೆ ಓಣಿಗಳಂತೆ ಹಾಯುವ ಕಾಲುವೆಗಳು, ಇಕ್ಕೆಲಗಳಿಂದ ಬಾಗಿ ಮೇಲೆ ಚಪ್ಪರ ಹಾಕಿದಂತಿರುವ ಮರಗಳು. ಹುಟ್ಟು ಹಾಕುವ ದೋಣಿಯಲ್ಲಿ ಅಲ್ಲಿ ಸುತ್ತಬಹುದು. ಕೆಲವು ಮರಗಳು ಹತ್ತಾರು ಊರುಗೋಲುಗಳನ್ನು ಊರಿ ನಿಂತ ಮುದುಕರಂತೆ ಬೇರುಗಳ ಮೇಲೆ ನಿಂತಿವೆ. ಇನ್ನು ಕೆಲವುಗಳ ಬೇರುಗಳು ಕೆಸರಿನಿಂದ ಮೇಲಕ್ಕೆ ಸಾವಿರಾರು ಕಡ್ಡಿಗಳಾಗಿ ಎದ್ದಿವೆ. ಕೆಸರಿನೊಳಗೆ ಗಾಳಿಯಾಡದ ಕಾರಣ ಮರವು ಉಸಿರಾಡುವುದಕ್ಕೆಂದು ಮೇಲಕ್ಕೆ ಕಳುಹಿಸಿದ ಬೇರುಗಳು ಅವು.

ನೀರು ಇಳಿದಿದ್ದ ಹೊತ್ತಿನಲ್ಲಿ ದೋಣಿಯನ್ನು ಒಂದು ಮರದ ಬುಡಕ್ಕೆ ಒತ್ತಿ ನಿಲ್ಲಿಸಿದಾಗ ಉಸಿರುಬೇರುಗಳ ಮೈಗೆ ಕಪ್ಪುಗೆಂಪಿನ ನವಿರಾದ ಎಳೆಗಳು ಅಂಟಿಕೊಂಡಿದ್ದುದು ಕಣ್ಣಿಗೆ ಬಿತ್ತು. ಕೈಯಿಂದ ಸ್ವಲ್ಪ ನೀರು ಚಿಮುಕಿಸಿದಾಗ ಒಣಗಿ ಮುದುಡಿದ್ದ ಎಳೆಗಳು ಮೆತ್ತಗಾಗಿ ಅರಳಿ ನೇರಳೆ ಬೆರೆತ ಕೆಂಬಣ್ಣವನ್ನು ತೋರಿದವು. ಇದೇನೆಂದು ಅಂಬಿಗನನ್ನು ಕೇಳಿದೆ. "ಪಾಸಿ, ಸಾಮಿ" ಎಂದನು. ನಾವು ಪಾಚಿ ಎನ್ನುವುದನ್ನೇ ಅವರು ಪಾಸಿ ಎನ್ನುತ್ತಾರೆ. ನೀರಿನ ವಿಷಯದಲ್ಲಿ ಜಗಳವಾಡುವ ಎರಡು ನಾಡುಗಳು ನೀರಿನ ಮೇಲಣ ಪಾಚಿಗೆ ಒಂದೇ ಹೆಸರಿಟ್ಟಿರುವುದನ್ನು ಕೇಳಿ ನಮ್ಮೊಡನಿದ್ದವರೆಲ್ಲ ನಕ್ಕರು.

ಈ ಕೆಂಪು ಪಾಚಿ ಒಂದೇ ಬಗೆಯದಲ್ಲ. ಉಷ್ಣವಲಯದ ಕಾಂಡ್ಲಾ ಬೇರುಗಳ ಮೇಲೂ, ಅಲೆಯ ಅಂಚಿನ ನೆರಳುಬಂಡೆಗಳ ಮೇಲೂ ಸಾಮಾನ್ಯವಾಗಿ ಮೂರು ಕುಲಗಳು ಒಟ್ಟೊಟ್ಟಿಗೆ ವಾಸಿಸುತ್ತವೆ. ಸಸ್ಯವಿಜ್ಞಾನಿಗಳು ಅವುಗಳಿಗೆ ಇಟ್ಟ ಹೆಸರುಗಳು ಅರ್ಥವತ್ತಾಗಿವೆ. ಒಂದರ ಹೆಸರು ಕ್ಯಾಟೆನೆಲ್ಲ. ಲ್ಯಾಟಿನ್ನಿನಲ್ಲಿ ಚಿಕ್ಕ ಸರಪಣಿ ಎಂದರ್ಥ. ಕೊಂಡಿಗೆ ಕೊಂಡಿ ಸೇರಿದಂತೆ ಅದರ ಮೈ ಗಿಣ್ಣುಗಿಣ್ಣಾಗಿ ಬೆಳೆಯುತ್ತದೆ. ಇನ್ನೊಂದು ಕ್ಯಾಲೊಗ್ಲಾಸ, ಗ್ರೀಕಿನಲ್ಲಿ ಚೆಲುವಾದ ನಾಲಗೆ. ಕೆಲವೇ ಮಿಲಿಮೀಟರ್ ಅಗಲದ ಪಾರದರ್ಶಕವಾದ ಎಸಳುಗಳು ಅದಕ್ಕೆ. ಮೂರನೆಯದು ಬಾಸ್ಟ್ರೈಕಿಯ. ಗ್ರೀಕರ ಮಾತಿನಲ್ಲಿ ಇದಕ್ಕೆ ಸುರುಳಿಗೂದಲು ಎಂಬ ಅರ್ಥವಿದೆ. ತುದಿಗಳು ಒಳಕ್ಕೆ ಸುರುಳಿಗೊಂಡ ಅದರ ಎಳೆಗಳನ್ನು ಕಂಡು ಆ ಹೆಸರಿಟ್ಟರು. ಹಿಂದಿನ ದಿನವಷ್ಟೇ ಚಿದಂಬರದಲ್ಲಿ ಜಡೆಯನ್ನು ಕೆದರಿ ಕುಣಿಯುವ ನಟರಾಜನನ್ನು ಕಂಡು ಬಂದಿದ್ದ ನಮಗೆ ಕನ್ನಡದ ಹೆಸರನ್ನು ಹುಡುಕಬೇಕಾಗಲಿಲ್ಲ. ಕೆಂಜಡೆ ಎಂಬ ಪದ ನಮ್ಮ ಕವಿಗಳ ಬಾಯಲ್ಲಿ ಶಿವನ ಜಟೆಗೆ ಸಲ್ಲುತ್ತ ಬಂದುದಷ್ಟೆ. ಗಂಗೆ ಇಳಿದದ್ದು ಶಿವನ ಕೆಂಜಡೆಯ ಮೇಲೆಂದು ಪುರಾಣ ಹೇಳುತ್ತದೆ. ನಮ್ಮ ಶಿಂಷೆಯ ನೀರು ಕಡಲಿಗೆ ಇಳಿಯುವ ಮುನ್ನ ಹಾದುಹೋಗುವುದೂ ಇಂಥ ಕೆಂಜಡೆಗಳ ನಡುವಿನಿಂದಲೇ.

ಇದರ ಬಾಳು ಸುಲಭದ್ದಲ್ಲ. ದಿನಕ್ಕೆ ಎರಡು ಬಾರಿ ಉಬ್ಬರದಲ್ಲಿ ಮುಳುಗಬೇಕು, ಇಳಿತದಲ್ಲಿ ಬಿಸಿಲಿಗೆ ಒಣಗಬೇಕು. ನದಿಗೆ ನೆರೆ ಬಂದಾಗ ಸುತ್ತಲೂ ಸಿಹಿನೀರು. ಬೇಸಗೆಯಲ್ಲಿ ಕಡಲಿಗಿಂತಲೂ ಉಪ್ಪಾದ ನೀರು. ಉಪ್ಪು ಹೆಚ್ಚಾದಾಗ ಜೀವಕೋಶದೊಳಗಿನ ನೀರು ಹೊರಗೆ ಸೋರಿಹೋಗದಂತೆ ಈ ಪಾಚಿಗಳು ತಮ್ಮೊಳಗೆ ಸಕ್ಕರೆಯನ್ನು ಹೋಲುವ ದ್ರವ್ಯಗಳನ್ನು ಕೂಡಿಸಿಕೊಳ್ಳುತ್ತವೆ. ಬಾಸ್ಟ್ರೈಕಿಯದಲ್ಲಿ ಅದು ಸಾರ್ಬಿಟಾಲ್, ಕ್ಯಾಲೊಗ್ಲಾಸದಲ್ಲಿ ಮ್ಯಾನಿಟಾಲ್. ಹೊರಗೆ ಉಪ್ಪು ಹೆಚ್ಚಿದಷ್ಟೂ ಒಳಗೆ ಸವಿಯನ್ನು ಹೆಚ್ಚಿಸಿಕೊಂಡು ಬದುಕುವ ಈ ಬಗೆಯನ್ನು ನೋಡಿದರೆ ಸಂಸಾರಿಗಳಾದ ನಮಗೂ ಅದರಿಂದ ಕಲಿಯತಕ್ಕದ್ದು ಇದೆಯೆನಿಸುತ್ತದೆ. ಇನ್ನು ಕೆಂಬಣ್ಣದ ವಿಚಾರ. ಎಲ್ಲ ಸಸ್ಯಗಳಲ್ಲಿರುವ ಹಸುರು ಇದರಲ್ಲಿಯೂ ಇದೆ. ಅದನ್ನು ಮುಚ್ಚುವಷ್ಟು ಕೆಂಪು ವರ್ಣದ್ರವ್ಯ ಜೊತೆಗಿದೆ, ಅಷ್ಟೆ. ಆ ಹಸುರು ಅಷ್ಟಾಗಿ ಹಿಡಿಯಲಾರದ ಹಸುರು ಬಣ್ಣದ ಬೆಳಕನ್ನು ಈ ಕೆಂಪು ಹಿಡಿದುಕೊಡುತ್ತದೆ. ಆದುದರಿಂದಲೇ ಮರದ ನೆರಳಿನ ಮಂಕು ಬೆಳಕಿನಲ್ಲಿಯೂ ಇದು ತನ್ನ ಆಹಾರವನ್ನು ತಾನೇ ಮಾಡಿಕೊಳ್ಳಬಲ್ಲದು. ಯಾರ ಮೈಮೇಲೆ ಕುಳಿತಿದೆಯೋ ಆ ಮರದಿಂದ ಅದು ತುತ್ತನ್ನೂ ಕಸಿಯುವುದಿಲ್ಲ. ಇದನ್ನು ಕಾಯಕಜೀವಿ ಎಂದು ಕರೆಯಲು ಅಡ್ಡಿಯೇನು?

ಕೆಂಪು ಪಾಚಿಗಳ ವಂಶ ಬಹು ಪ್ರಾಚೀನವಾದುದು. ಶ್ರೀರಾಮನ ವನವಾಸದ ಕಥೆಯಿಂದ ನಮಗೆ ಪರಿಚಿತವಾದ ಚಿತ್ರಕೂಟದ ಬಂಡೆಗಳಲ್ಲಿ ಕೆಂಪು ಪಾಚಿಯನ್ನು ಹೋಲುವ, ಸುಮಾರು 160 ಕೋಟಿ ವರ್ಷಗಳಷ್ಟು ಹಳೆಯದಾದ ಪಳೆಯುಳಿಕೆಗಳನ್ನು ಕಂಡುದಾಗಿ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದರು. ಮನುಷ್ಯನ ವಂಶ ಅದರ ಮುಂದೆ ನಿನ್ನೆ ಮೊನ್ನೆಯದು.

ಈ ಕೆಂಪು ಪಾಚಿಯ ಬಳಗಕ್ಕೂ ನಮ್ಮ ಅಡುಗೆಮನೆಗೂ ಒಂದು ನಂಟಿದೆ. ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದು ಕೇಳಿ ತಂದು, ಹಾಲಿನಲ್ಲಿ ಕರಗಿಸಿ, ಸಕ್ಕರೆ ಏಲಕ್ಕಿ ಬೆರೆಸಿ, ತಟ್ಟೆಗೆ ಹುಯ್ದು ತಣಿಸಿ ಮಕ್ಕಳಿಗೆ ಕೊಡುವ ಬಿಳಿಯ ಎಳೆಗಳನ್ನು ತಾಯಂದಿರೆಲ್ಲ ಬಲ್ಲರು. ಅದು ಚೀನಾದ ಹುಲ್ಲೂ ಅಲ್ಲ, ಯಾವ ಹುಲ್ಲೂ ಅಲ್ಲ. ಕಡಲಬಂಡೆಗಳ ಮೇಲೆ ಬೆಳೆಯುವ ಕೆಂಪು ಪಾಚಿಗಳನ್ನು ಕುದಿಸಿ ತೆಗೆದ ಅಗರ್ ಎಂಬ ಅಂಟು. ರಾಮೇಶ್ವರ, ಮಂಡಪಂ ಕಡೆಯ ತೀರದಲ್ಲಿ ಮೀನುಗಾರ ಹೆಣ್ಣುಮಕ್ಕಳು ನೀರಿನಲ್ಲಿ ಮುಳುಗಿ ಬಂಡೆಗಳಿಂದ ಈ ಪಾಚಿಯನ್ನು ಕಿತ್ತು ತರುತ್ತಾರೆ. ಜೆಲಟಿನ್ ಎಂಬ ಇನ್ನೊಂದು ಅಂಟನ್ನು ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ ತೆಗೆಯುವುದರಿಂದ ಶಾಕಾಹಾರ ವ್ರತದ ನಮ್ಮ ಮನೆಗಳಿಗೆ ಅಗರ್ ಒದಗಿಸಿರುವ ಅನುಕೂಲ ಸಣ್ಣದಲ್ಲ. ಪೊಟ್ಟಣದ ಮೇಲೆ ಬರೆದುದನ್ನು ಓದಿ ಕೊಳ್ಳುವುದು ಒಳ್ಳೆಯದು.

ಅಡುಗೆಮನೆಯ ಈ ಅಂಟು ಪ್ರಯೋಗಶಾಲೆಯನ್ನು ಹೊಕ್ಕಿದ್ದೂ ಒಬ್ಬ ಗೃಹಿಣಿಯಿಂದಲೇ. ಜರ್ಮನಿಯ ರಾಬರ್ಟ್ ಕಾಕ್ ಎಂಬ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಸೂಕ್ಷ್ಮಾಣುಗಳನ್ನು ಬೆಳೆಸಲು ಬಳಸುತ್ತಿದ್ದ ಜೆಲಟಿನ್ ಬೆಚ್ಚನೆಯ ಹವೆಗೆ ಕರಗಿಹೋಗುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಯವರ ಪತ್ನಿ ಫ್ಯಾನಿ ಹೆಸ್ಸೆ, ತಾವು ಮನೆಯ ತಿನಿಸುಗಳಿಗೆ ಬಳಸುತ್ತಿದ್ದ ಅಗರನ್ನು ಉಪಯೋಗಿಸಿ ನೋಡಿರೆಂದು 1881ರಲ್ಲಿ ಸೂಚಿಸಿದರು. ಇಂದಿಗೂ ಆಸ್ಪತ್ರೆಗಳಲ್ಲಿ ರೋಗಾಣುಗಳನ್ನು ಪತ್ತೆಹಚ್ಚಲು ಬೆಳೆಸುವುದು ಅಗರಿನ ತಟ್ಟೆಗಳ ಮೇಲೆಯೇ. ಕಡಲಬಂಡೆಯ ಕೆಂಪು ಪಾಚಿಗೆ ನಾವು ತಿಳಿಯದೆಯೇ ಹೊತ್ತಿರುವ ಋಣ ಇಷ್ಟು.

ಕಾಂಡ್ಲಾ ಬೇರಿನ ಕೆಂಜಡೆಗೆ ಇಂಥ ಮಾರುಕಟ್ಟೆಯಿಲ್ಲ. ಅದರ ಉಪಕಾರ ಬೇರೆ ಬಗೆಯದು. ಅದರ ಎಳೆಗಳ ನಡುವೆ ಹರಿಯುವ ನೀರಿನ ಮಣ್ಣು ಸಿಕ್ಕಿ ನಿಲ್ಲುತ್ತದೆ. ಆ ತೇವದಲ್ಲಿ ಬರಿಗಣ್ಣಿಗೆ ಕಾಣದ ಹುಳುಗಳು, ಪುಟ್ಟ ಬಸವನಹುಳುಗಳು, ಏಡಿಯ ಮರಿಗಳು ಬಿಸಿಲಿನಿಂದ ರಕ್ಷಣೆ ಪಡೆಯುತ್ತವೆ. ಅವುಗಳನ್ನು ಮೀನು, ಸೀಗಡಿಗಳ ಮರಿಗಳು ತಿನ್ನುತ್ತವೆ. ಆ ಮರಿಗಳು ಬೆಳೆದು ಕಡಲಿಗೆ ಹೋದ ಮೇಲೆ ಅವೇ ಮೀನುಗಾರರ ಮನೆಯ ಒಲೆಯನ್ನು ಉರಿಸುತ್ತವೆ. ನಾವು ಮೀನನ್ನು ಮುಟ್ಟದವರಾದರೂ ಆ ಒಲೆ ಆರಬಾರದೆಂದು ಬಯಸುವುದು ನಮ್ಮ ಧರ್ಮವೇ ಅಲ್ಲವೆ?

ಈ ಕಾಡಿಗೂ ಕಷ್ಟಗಳು ಬಂದಿದ್ದವು. ಬ್ರಿಟಿಷರ ಕಾಲದಿಂದ ಆರಂಭಿಸಿ ದಶಕಗಳವರೆಗೆ ಪಿಚ್ಚಾವರಂನ ಮರಗಳನ್ನು ಪಟ್ಟೆ ಪಟ್ಟೆಯಾಗಿ ಕಡಿಯಲಾಯಿತು. ನೆರಳು ಹೋದ ಕೆಸರು ಬಿಸಿಲಿಗೆ ಒಣಗಿ ಕುಸಿದು ತಗ್ಗಾಯಿತು. ಉಬ್ಬರದಲ್ಲಿ ಬಂದ ಉಪ್ಪುನೀರು ಹಿಂದಿರುಗದೆ ಆ ತಗ್ಗಿನಲ್ಲಿ ನಿಂತು ಆವಿಯಾಗಿ, ಉಪ್ಪು ಮಾತ್ರ ಉಳಿದು, ಸಸಿಗಳು ಏಳದಾದವು. ಮೇಲಿನಿಂದ ಬರುವ ಸಿಹಿನೀರು ಕಡಿಮೆಯಾದದ್ದು ಆ ಸಂಕಟವನ್ನು ಹೆಚ್ಚಿಸಿತು. ಎಂ. ಎಸ್. ಸ್ವಾಮಿನಾಥನ್ ಸಂಶೋಧನ ಪ್ರತಿಷ್ಠಾನ ಮತ್ತು ತಮಿಳುನಾಡಿನ ಅರಣ್ಯ ಇಲಾಖೆ 1990ರ ದಶಕದಲ್ಲಿ ಹಳ್ಳಿಯ ಜನರನ್ನು ಕೂಡಿಸಿಕೊಂಡು ಮೀನಿನ ಮೂಳೆಯ ಆಕಾರದಲ್ಲಿ ಕಾಲುವೆಗಳನ್ನು ತೋಡಿ, ನಿಂತ ನೀರಿಗೆ ದಾರಿ ಮಾಡಿ, ಸಸಿ ನೆಟ್ಟರು. ಕಾಡು ಮತ್ತೆ ಚಿಗುರಿತು. 2004ರ ಡಿಸೆಂಬರ್ 26ರಂದು ಸುನಾಮಿಯ ಅಲೆ ಅಪ್ಪಳಿಸಿದಾಗ ಈ ಕಾಡಿನ ಮರೆಯಲ್ಲಿದ್ದ ಹಳ್ಳಿಗಳಿಗೆ ಬಯಲಿನಲ್ಲಿದ್ದ ಹಳ್ಳಿಗಳಿಗಿಂತ ಕಡಿಮೆ ಹಾನಿಯಾಯಿತೆಂದು ಅಲ್ಲಿ ಅಧ್ಯಯನ ಮಾಡಿದ ಅಣ್ಣಾಮಲೈ ವಿಶ್ವವಿದ್ಯಾಲಯದ ವಿದ್ವಾಂಸರು ಬರೆದಿದ್ದಾರೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕಡಲಿಗೆ ಸೇರಿದ ನೀರು ಪೋಲಾಯಿತೆ? ಕಾವೇರಿ ನ್ಯಾಯಮಂಡಳಿಯು 2007ರ ಫೆಬ್ರವರಿ 5ರಂದು ನೀಡಿದ ಅಂತಿಮ ತೀರ್ಪಿನಲ್ಲಿ ಒಟ್ಟು 740 ಟಿಎಂಸಿ ನೀರನ್ನು ಹಂಚಿತು. ಅದರಲ್ಲಿ ಮೂರು ರಾಜ್ಯಗಳ ಮತ್ತು ಒಂದು ಕೇಂದ್ರಾಡಳಿತ ಪ್ರದೇಶದ ಪಾಲಿನ ಜೊತೆಗೆ ಪರಿಸರ ರಕ್ಷಣೆಗೆಂದು 10 ಟಿಎಂಸಿಯನ್ನೂ, ತಡೆಯಲಾಗದೆ ಕಡಲಿಗೆ ಸೇರುವ ನೀರಿನ ಲೆಕ್ಕದಲ್ಲಿ 4 ಟಿಎಂಸಿಯನ್ನೂ ತೆಗೆದಿರಿಸಿತು. ಸುಪ್ರೀಂ ಕೋರ್ಟು 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಕರ್ನಾಟಕದ ಪಾಲಿಗೆ 14.75 ಟಿಎಂಸಿಯನ್ನು ಹೆಚ್ಚಿಸಿದಾಗಲೂ ಪರಿಸರದ ಪಾಲನ್ನು ಕದಲಿಸಲಿಲ್ಲ. 740ರಲ್ಲಿ 14 ಎಂದರೆ ನೂರಕ್ಕೆ ಎರಡರಷ್ಟೂ ಆಗದು. ಮನುಷ್ಯರು ಉಂಡು ಮಿಕ್ಕ ಮೇಲೆ ಮೀನಿಗೆ, ಮರಕ್ಕೆ, ಮಣ್ಣಿಗೆ, ಈ ಕೆಂಜಡೆಗೆ ಇಟ್ಟ ಎಡೆ ಅಷ್ಟು. ಅದನ್ನೂ ಪೋಲೆಂದು ಕರೆಯುವುದು ನ್ಯಾಯವಲ್ಲ.

ಹಾಗೆಂದ ಮಾತ್ರಕ್ಕೆ ನಮ್ಮ ರೈತರ ಹೊಲಗಳನ್ನು ಒಣಗಿಸಿ ಕಡಲಿಗೆ ನೀರು ಬಿಡಬೇಕೆಂಬುದು ನಮ್ಮ ವಾದವಲ್ಲ. ತುಮಕೂರು ಜಿಲ್ಲೆಯ ಬರದ ಬವಣೆಯನ್ನು ಬಲ್ಲವರಾರೂ ಹಾಗೆ ಹೇಳಲಾರರು. ಹೇಮಾವತಿಯ ನಾಲೆಯ ನೀರಿಗಾಗಿ ಕಾದು ಕುಳಿತ ಸೀಮೆ ನಮ್ಮದು. ಬೇಸಗೆಯಲ್ಲಿ ಶಿಂಷೆಯ ಪಾತ್ರದಲ್ಲಿ ಮರಳು ಮಾತ್ರ ಕಾಣುತ್ತದೆ. ಕೆಂಜಡೆಯವರೆಗೆ ತಲುಪುವುದು ಕೋಡಿ ಬಿದ್ದ ವರ್ಷದ ನೆರೆಯ ನೀರೇ ಹೊರತು ನಮ್ಮ ಬಾಯಾರಿಕೆಯ ನೀರಲ್ಲ. ನಾವು ತುಮಕೂರು ಕಡೆಯವರೆಂದು ತಿಳಿದಾಗ ಅಂಬಿಗನು ಒಂದು ಕ್ಷಣ ಹುಟ್ಟು ನಿಲ್ಲಿಸಿ, "ಮೇಲೆ ನಿಮ್ಮಲ್ಲಿ ಮಳೆ ಚೆನ್ನಾಗಿ ಆದರೆ ಇಲ್ಲಿ ನಮಗೂ ಚೆನ್ನಾಗಿರುತ್ತದೆ, ಸಾಮಿ. ಸಿಹಿನೀರು ಬಂದ ವರ್ಷ ಸೀಗಡಿ ಹೆಚ್ಚು" ಎಂದನು. ಅವನ ಮಾತಿನಲ್ಲಿ ಬೇಡಿಕೆಯಿರಲಿಲ್ಲ, ದೂರೂ ಇರಲಿಲ್ಲ. ನಮ್ಮೂರಿಗೆ ಮಳೆ ಬರಲೆಂಬ ಹಾರೈಕೆ ಮಾತ್ರ ಇತ್ತು.

ಆದರೆ ನೀರಿನೊಡನೆ ನಾವು ಇನ್ನೇನನ್ನು ಕಳುಹಿಸುತ್ತಿದ್ದೇವೆ ಎಂಬುದು ಚಿಂತಿಸತಕ್ಕ ವಿಷಯ. ಆಸ್ಟ್ರೇಲಿಯದ ಅಳಿವೆಗಳಲ್ಲಿ ವಿಜ್ಞಾನಿಗಳು ಕಾಂಡ್ಲಾ ಬೇರುಗಳ ಮೇಲಿನ ಇದೇ ಬಳಗದ ಕೆಂಪು ಪಾಚಿಗಳನ್ನು ಪರೀಕ್ಷಿಸಿ, ನೀರಿಗೆ ಸೇರಿದ ತಾಮ್ರ, ಸತು, ಸೀಸಗಳನ್ನು ಅವು ತಮ್ಮ ಮೈಯಲ್ಲಿ ಕೂಡಿಸಿಕೊಳ್ಳುವುದನ್ನು ಕಂಡಿದ್ದಾರೆ. ಮೇಲಿನ ಊರಿನವರು ತೊಳೆದು ಬಿಟ್ಟದ್ದು ಕೆಳಗಿನ ಪಾಚಿಯಲ್ಲಿ ಲೆಕ್ಕವಾಗಿ ಉಳಿಯುತ್ತದೆ ಎಂದಾಯಿತು. ಪಟ್ಟಣದ ಕೊಳಚೆ, ಸಾಬೂನಿನ ನೊರೆ, ಕೆರೆಗೆ ಎಸೆದ ಪ್ಲಾಸ್ಟಿಕ್, ಪೂಜೆಯ ಹೂವಿನೊಡನೆ ಬಿಟ್ಟ ಜರಿಕಾಗದ, ಬಣ್ಣ ಬಳಿದ ಮೂರ್ತಿ ಇವೆಲ್ಲ ಕೋಡಿ ಬಿದ್ದ ದಿನ ನೀರಿನೊಡನೆ ಹೊರಡುತ್ತವೆ. ಅತಿಥಿಗೆ ಎಡೆ ಬಡಿಸುವಾಗ ಅದರಲ್ಲಿ ಕಲ್ಲು ಕಸಗಳಿರದಂತೆ ನೋಡಿಕೊಳ್ಳುವ ನಮ್ಮ ತಾಯಂದಿರು ಕೆಳಗಿನವರಿಗೆ ಹೋಗುವ ನೀರನ್ನೂ ಅದೇ ಎಚ್ಚರದಿಂದ ನೋಡಬಲ್ಲರು. ಕೋಡಿಯ ಹಳ್ಳವನ್ನು ಒತ್ತುವರಿ ಮಾಡದಿರುವುದು, ಏರಿಯ ಗಿಡಗಂಟಿಗಳನ್ನು ಕೀಳಿಸುವುದು, ಕೆರೆಯ ಹೂಳನ್ನು ತೆಗೆಸಿ ಹೊಲಕ್ಕೆ ಹೊಡೆಸುವುದು, ಪೂಜೆಯ ನಿರ್ಮಾಲ್ಯವನ್ನು ನೀರಿಗೆ ಬಿಡದೆ ಗಿಡದ ಬುಡಕ್ಕೆ ಹಾಕುವುದು ಇವು ಹಳ್ಳಿಯ ಯಾವ ಮನೆಯವರೂ ಮಾಡಬಹುದಾದ ಕೆಲಸಗಳು. ಇದಕ್ಕೆ ಸರಕಾರದ ಆದೇಶ ಬೇಕಿಲ್ಲ.

ಸಿದ್ಧಗಂಗೆಯ ದಾಸೋಹವನ್ನು ಕಂಡವರಿಗೆ ಈ ಮಾತು ಬೇಗನೆ ಮನವರಿಕೆಯಾದೀತು. ಲಿಂಗೈಕ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 2019ರಲ್ಲಿ ಶಿವಸಾಯುಜ್ಯವನ್ನು ಪಡೆಯುವವರೆಗೆ ನಡೆಸಿಕೊಂಡು ಬಂದ, ಇಂದಿಗೂ ನಡೆಯುತ್ತಿರುವ ಆ ಅನ್ನದ ಸೇವೆಗೆ ಗುಬ್ಬಿ, ಕುಣಿಗಲ್ ಕಡೆಯ ರೈತರು ಸುಗ್ಗಿಯ ನಂತರ ರಾಗಿಯ ಮೂಟೆ, ತೆಂಗಿನಕಾಯಿ, ತರಕಾರಿಗಳನ್ನು ಕಳುಹಿಸುವುದುಂಟು. ತಾನು ಕಳುಹಿಸಿದ ರಾಗಿಯನ್ನು ಯಾವ ಊರಿನ, ಯಾವ ಜಾತಿಯ, ಯಾವ ಹುಡುಗ ಉಂಡನೆಂದು ಆ ರೈತ ಕೇಳುವುದಿಲ್ಲ. ಉಂಡ ಹುಡುಗನಿಗೂ ರೈತನ ಹೆಸರು ತಿಳಿಯದು. ಮುಖ ಕಾಣದವರಿಗೆ ಸಲ್ಲುವುದರಿಂದಲೇ ಅದು ದಾಸೋಹವೆನಿಸುತ್ತದೆ. ಮುಖ ನೋಡಿ ಕೊಟ್ಟರೆ ಅದು ಬರಿಯ ಕೊಡುಕೊಳ್ಳುವ ವ್ಯವಹಾರ.

ಶಿಂಷೆಯ ನೀರಿಗೂ ಇದೇ ನ್ಯಾಯ. ದೇವರಾಯನದುರ್ಗದ ಮಳೆಹನಿ ಕಡಬದಲ್ಲಿ ಬತ್ತವಾಗಿ, ಮಾರ್ಕೋನಹಳ್ಳಿಯ ಕೆಳಗೆ ತೆಂಗಾಗಿ, ಮದ್ದೂರಿನಲ್ಲಿ ಕಬ್ಬಾಗಿ ಮಿಕ್ಕದ್ದು ಎಲ್ಲೋ ದೂರದ ಕೆಸರಿನಲ್ಲಿ, ಮುಖವೇ ಇಲ್ಲದ ಒಂದು ಕೆಂಪು ಪಾಚಿಯ ಉಪ್ಪನ್ನು ತೊಳೆದು ಅದರ ದಾಹವನ್ನು ತಣಿಸುತ್ತದೆ. ಶಿವರಾತ್ರಿಗೆ ಗೋಕರ್ಣಕ್ಕೋ, ಬೇಸಗೆಯ ರಜೆಯಲ್ಲಿ ರಾಮೇಶ್ವರಕ್ಕೋ ಹೋಗುವ ಬಂಧುಗಳು ದೇವರ ದರ್ಶನದ ನಂತರ, ಅಲೆ ಇಳಿದ ಹೊತ್ತಿನಲ್ಲಿ, ಕಡಲಬಂಡೆಗಳ ನೆರಳಿನ ಬದಿಯನ್ನು ಒಮ್ಮೆ ಬಾಗಿ ನೋಡಲಿ. ಮಕ್ಕಳಿಗೂ ತೋರಿಸಲಿ. ಕಿತ್ತು ತರುವುದು ಬೇಡ. ಮುಂದಿನ ಮಳೆಗಾಲದಲ್ಲಿ ನಮ್ಮೂರ ಕೆರೆ ಕೋಡಿ ಬಿದ್ದಾಗ ಗಂಗೆಗೆ ಬಾಗಿನ ಅರ್ಪಿಸುವ ಮನೆಯ ಹೆಣ್ಣುಮಕ್ಕಳಿಗೆ, ಆ ನೀರು ಪೋಲಾಗಿ ಹೋಗುತ್ತಿಲ್ಲ, ಇನ್ನೊಂದು ಪಂಕ್ತಿಗೆ ಬಡಿಸಲು ಹೋಗುತ್ತಿದೆ ಎಂದು ಹೇಳಿದರೆ ಸಾಕು. ಉಳಿದುದನ್ನು ಅವರೇ ಅರಿತುಕೊಳ್ಳುವರು.